ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವ ಮುಂಚೆ ಹೆಸರು ನೋಡಿಕೊಳ್ಳಿ

ನಮ್ಮ ಕೊಡಗಿನ ಕಡೆ ಪಾಸ್‌ಪೋರ್ಟ್ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ. ಮೈಸೂರಿಗೆ ಹೋಗಬೇಕಾ, ಏಜೆಂಟ್ ಯಾರಾದ್ರೂ ಗೊತ್ತಾ? ಅಪ್ಪನಿಗೆ ಪಾಸ್‌ಪೋರ್ಟ್ ಮಾಡಿಸಿದೆ, ಏಜೆಂಟ್ ಬೇಕಾಗಲೇ ಇಲ್ಲ. ಮೈಸೂರಿನ ಕೆಲಸವೂ ಬೇಗ ಮುಗಿಯಿತು. ತಲೆನೋವು ಕೊಟ್ಟಿದ್ದು ಅಪ್ಪನ ಹೆಸರು.

ಫಾರ್ಮ್‌ನಲ್ಲಿ ಎರಡು ಕಾಲಂ: ಗಿವನ್ ನೇಮ್ ಅಂದರೆ ನಮ್ಮ ಹೆಸರು, ಸರ್‌ನೇಮ್ ಅಂದರೆ ಮನೆತನದ ಹೆಸರು. ಕೊಡಗಿನಲ್ಲಿ ಮನೆ ಹೆಸರು ಮುಂದೆ ಬರುತ್ತೆ, ನಮ್ಮ ಹೆಸರು ಕೊನೆಗೆ. ಜನರಲ್ ಕಾರ್ಯಪ್ಪನವರನ್ನೇ ತಗೊಳ್ಳಿ, ಕೊಡಂದೇರ ಮಾದಪ್ಪ ಕಾರ್ಯಪ್ಪ. ಮೊದಲನೆಯದು ಮನೆತನ, ನಡುವಿನದು ತಂದೆ, ಕೊನೆಯದು ಅವರದು. ಇದನ್ನು ನೋಡಿದ ಸೈಬರ್ ಸೆಂಟರ್ ಹುಡುಗ ಕೊನೇ ಹೆಸರನ್ನೇ ಸರ್‌ನೇಮ್ ಕಾಲಂಗೆ ಹಾಕಿಬಿಡ್ತಾನೆ. ಅವನದೂ ತಪ್ಪಲ್ಲ ಬಿಡಿ, ಬೇರೆ ಎಷ್ಟೋ ಕಡೆ ಹಾಗೇ ಅಲ್ವಾ. ಇನ್ನು ಆಧಾರ್‌ನಲ್ಲಿ ಬರೀ ಇನಿಶಿಯಲ್, ಪ್ಯಾನ್‌ನಲ್ಲಿ ಪೂರ್ತಿ ಹೆಸರು, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ಮನೆ ಹೆಸರೇ ಇಲ್ಲ, ಅಪ್ಪನ ಕಾಲದವರದು ಹೆಚ್ಚಾಗಿ ಹೀಗೇ ಇರುತ್ತೆ. ಪಾಸ್‌ಪೋರ್ಟಿಗೆ ಇನಿಶಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಹಾಗಾಗಿ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅರ್ಜಿ.

ಸರ್‌ನೇಮ್ ಖಾಲಿ ಬಿಟ್ಟರೂ ಫಾರ್ಮ್ ಮುಂದಕ್ಕೆ ಹೋಗುತ್ತೆ. ಬಿಡಬೇಡಿ. 2022ರ ನವೆಂಬರ್‌ನಲ್ಲಿ ಯುಎಇಯವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾ ಇಲ್ಲ ಎಂದರು. ಎರಡನೇ ಪುಟದಲ್ಲಿ ತಂದೆ ಹೆಸರಿದ್ದರೆ ಸಾಕು ಅಂತ ಆಮೇಲೆ ಸಡಿಲ ಮಾಡಿದರು. ಆದರೂ ನಮ್ಮಲ್ಲಿ ದುಬೈಗೆ ಹೋಗುವವರು ಎಷ್ಟು ಜನ, ಸುಮ್ನೆ ಯಾಕೆ ರಿಸ್ಕ್?

ಆಮೇಲೆ ವಿಳಾಸ. ತೋಟದ ಮನೆಗಳಿಗೆ ಡೋರ್ ನಂಬರ್ ಎಲ್ಲಿದೆ? ಮನೆ ಹೆಸರು, ಗ್ರಾಮ ಮತ್ತು ಅಂಚೆ, ಪಿನ್ ಕೋಡ್, ಅಷ್ಟೇ. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಇಳಿಸಿ. ಪೊಲೀಸ್ ಸ್ಟೇಷನ್ ಆರಿಸುವಾಗ ಮಾತ್ರ ಹುಷಾರು. ಸಂತೆಗೆ ಹೋಗೋದು ಗೋಣಿಕೊಪ್ಪಕ್ಕೆ ಅಂತ ಗೋಣಿಕೊಪ್ಪ ಹಾಕಿಬಿಡ್ತಾರೆ, ಊರು ನೋಡಿದರೆ ಪೊನ್ನಂಪೇಟೆಗೋ ಶ್ರೀಮಂಗಲಕ್ಕೋ ಸೇರಿರುತ್ತೆ. ಬೆಂಗಳೂರಲ್ಲಿ ಕೆಲಸ ಮಾಡೋ ಮಕ್ಕಳು ಈಗಿನ ವಿಳಾಸ ಅಂತ ಊರಿನದು ಕೊಡಬೇಡಿ. ಪೊಲೀಸರು ವಿಚಾರಿಸುವಾಗ ನೀವು ಅಲ್ಲಿ ವಾಸ ಇಲ್ಲ ಅಂತ ಬರೆದರೆ ಅರ್ಜಿ ಅಲ್ಲೇ ನಿಲ್ಲುತ್ತೆ.

ದೊಡ್ಡವರಿಗೆ 36 ಪುಟದ್ದು 1500 ರೂಪಾಯಿ, 10 ವರ್ಷ ನಡೆಯುತ್ತೆ. ತತ್ಕಾಲ್ ಆದರೆ ಇನ್ನೂ 2000 ಜಾಸ್ತಿ. ವೆಬ್‌ಸೈಟಿನ ವಿಳಾಸದ ಕೊನೆಗೆ ಗವ್ ಡಾಟ್ ಇನ್ ಇದೆಯಾ ನೋಡಿ ಆಮೇಲೆ ದುಡ್ಡು ಕಟ್ಟಿ. ಅದೇ ಥರ ಕಾಣುವ ನಕಲಿ ಸೈಟುಗಳು ಬೇಕಾದಷ್ಟಿವೆ.

ನಾವು ಬೆಳಗಿನ ಬಸ್ಸಿಗೆ ತಿತಿಮತಿ, ಹುಣಸೂರು ಮೇಲೆ ಮೈಸೂರಿಗೆ ಹೋದೆವು. ಅಂಚೆ ಇಲಾಖೆ ಜೊತೆ ಸೇರಿ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಶುರುವಾದಾಗ ದೇಶದ ಮೊದಲ ಎರಡು ಕೇಂದ್ರಗಳಲ್ಲಿ ಮೈಸೂರಿನದೂ ಒಂದು, ಇನ್ನೊಂದು ಗುಜರಾತಿನ ದಾಹೋದ್. ಅಲ್ಲಿ ಒರಿಜಿನಲ್ ನೋಡಿದರು, ಫೋಟೋ ತೆಗೆದರು, ಬೆರಳಚ್ಚು ತಗೊಂಡರು. ಕಾಫಿ ಕೊಯ್ದು, ಗಿಡ ಕಸಿ ಮಾಡಿ ಸವೆದ ಬೆರಳು, ಮೆಷಿನ್‌ಗೆ ಸಿಗಲೇ ಇಲ್ಲ. ಒರೆಸಿ, ಒತ್ತಿ, ಮತ್ತೆ ಒತ್ತಿ, ಕೊನೆಗೆ ಬಂತು. ಕೌಂಟರಿನ ಹುಡುಗಿ ಬೇಜಾರು ಮಾಡಿಕೊಳ್ಳದೆ "ನಿಧಾನಕ್ಕೆ ಇಡಿ ಅಂಕಲ್" ಎನ್ನುತ್ತಿದ್ದಳು.

ಪೊಲೀಸ್ ವಿಚಾರಣೆ ಸಲೀಸಾಗಿ ಮುಗಿಯಿತು. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬರುತ್ತೆ, ಯಾರ ಹೆಸರಿನಲ್ಲಿದೆಯೋ ಅವರ ಕೈಗೇ ಕೊಡಬೇಕು, ಗುರುತಿನ ಚೀಟಿ ತೋರಿಸಿದರೇನೇ. ಮನೆಯಲ್ಲಿ ಯಾರೂ ಸಿಗದಿದ್ದರೆ ಲಕೋಟೆ ಬೆಂಗಳೂರಿನ ಪಾಸ್‌ಪೋರ್ಟ್ ಕಚೇರಿಗೆ ವಾಪಸ್. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಫೋನ್ ಮಾಡಿದರೂ ಸಿಗಲ್ಲ. ಅದಕ್ಕೇ ಪೋಸ್ಟ್‌ಮ್ಯಾನ್‌ಗೆ ಮೊದಲೇ ಒಂದು ಮಾತು ಹೇಳಿಡಿ, ಪಕ್ಕದ ಮನೆಯವರ ನಂಬರನ್ನೂ ಕೊಟ್ಟಿರಿ.