ಹನೋಯಿಯ ಬೀದಿ ಸಂತೆಗಳು: ಹೊರಡುವ ಮೊದಲು ಪಂಚಾಂಗ ನೋಡಿಕೊಳ್ಳಿ

ವಿಯೆಟ್ನಾಂ ರಾಜಧಾನಿ ಹನೋಯಿಯಲ್ಲಿ ನಮ್ಮ ಎರಡನೆಯ ದಿನ ಬೆಳಗ್ಗೆ ಏಳು ಗಂಟೆಗೆ, ಹಳೆಯ ಪೇಟೆಯ ಹಾಂಗ್ ಚಿಯೆವು ಬೀದಿಯಲ್ಲಿ ಚಾಪೆ ಮಾರುವ ಅಂಗಡಿಯೊಂದು ಆಗಷ್ಟೇ ಬಾಗಿಲು ತೆರೆದಿತ್ತು. ಒಂದು ಚಾಪೆಯನ್ನು ಬಿಡಿಸಿ ನೋಡಿ ಬೆಲೆ ಕೇಳಿದೆ. ಅಂಗಡಿಯಾಕೆ ಕ್ಯಾಲ್ಕುಲೇಟರಿನಲ್ಲಿ ಅಲ್ಲಿನ ಹಣದಲ್ಲಿ 1,80,000 ಡಾಂಗ್ ಎಂದು ಒತ್ತಿ ತೋರಿಸಿದರು. ನಾನು ಅರ್ಧಕ್ಕೆ ಇಳಿಸಿದೆ, ಅವರು ಸ್ವಲ್ಪ ಇಳಿದರು, ನಾನು ಇನ್ನೂ ಜಗ್ಗಿದೆ. ಹೀಗೆ ಹತ್ತು ನಿಮಿಷ ಕಳೆದ ಮೇಲೆ, ಊರಿನಲ್ಲಿ ಮಾಡುವಂತೆ, ಮತ್ತೆ ಕರೆಯುತ್ತಾರೆಂಬ ನಿರೀಕ್ಷೆಯಲ್ಲಿ ಚಾಪೆ ಕೆಳಗಿಟ್ಟು ಹೊರಟುಬಿಟ್ಟೆ. ಅವರು ಕರೆಯಲಿಲ್ಲ. ತಿರುಗಿ ನೋಡಿದಾಗ ಆಕೆ ಕಾಗದದ ಚೂರೊಂದಕ್ಕೆ ಬೆಂಕಿ ಹಚ್ಚಿ, ನಾನು ನಿಂತಿದ್ದ ಜಾಗದ ಸುತ್ತ ಆಡಿಸುತ್ತಿದ್ದರು.

ಅದರ ಅರ್ಥ ತಿಳಿದದ್ದು ವಸತಿಗೃಹಕ್ಕೆ ಮರಳಿ ಅಲ್ಲಿನ ಉದ್ಯೋಗಿ ಹೆಣ್ಣುಮಗಳನ್ನು ಕೇಳಿದಾಗ. ಅಲ್ಲಿ ದಿನದ ಮೊದಲ ವ್ಯಾಪಾರಕ್ಕೆ ‘ಮೋ ಹಾಂಗ್’ ಎನ್ನುತ್ತಾರೆ. ಮೊದಲ ಗಿರಾಕಿ ಕೈ ತೆರೆದು ಕೊಂಡರೆ ದಿನವಿಡೀ ವ್ಯಾಪಾರ ಚೆನ್ನಾಗಿ ನಡೆಯುತ್ತದೆ, ಅವನು ಚೌಕಾಸಿ ಮಾಡಿ ಬರಿಗೈಯಲ್ಲಿ ಹೋದರೆ ದಿನವೇ ಕೆಡುತ್ತದೆ ಎಂಬುದು ನಂಬಿಕೆ. ಕಾಗದ ಸುಡುವುದು ಆ ದೋಷವನ್ನು ಕಳೆಯಲು. ನನ್ನೊಡನೆ ಬಂದಿದ್ದ ಅಮ್ಮನಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ‘ಬೋಣಿಗೆಯ ಹೊತ್ತಿಗೆ ಹೋಗಿ ಹಾಗೆ ಮಾಡಿದರೆ ನಮ್ಮ ಶಿರಸಿ ಪೇಟೆಯಲ್ಲೂ ಬೇಸರ ಮಾಡಿಕೊಳ್ಳುತ್ತಾರಪ್ಪ’ ಎಂದರು. ಅವರ ಮಾತು ಸರಿಯಾಗಿತ್ತು. ನಮ್ಮಲ್ಲಿ ಇರುವ ಮರ್ಯಾದೆಯೊಂದು ಬೇರೆ ದೇಶದಲ್ಲಿಯೂ ಇರಬಹುದೆಂದು ಯೋಚಿಸದೆ ಹೋದದ್ದು ನನ್ನ ತಪ್ಪು. ಆದ್ದರಿಂದ ಮೊದಲ ಸಲಹೆ ಇದು: ಬೆಳಗಿನ ಹತ್ತು ಗಂಟೆಯೊಳಗೆ ಹೋದರೆ ಕೊಳ್ಳುವ ಮನಸ್ಸಿದ್ದಾಗ ಮಾತ್ರ ಬೆಲೆ ಕೇಳಿ, ಕೇಳಿದ ಮೇಲೆ ಹೆಚ್ಚು ಜಗ್ಗಬೇಡಿ. ಸುಮ್ಮನೆ ನೋಡುವುದು, ವಿಚಾರಿಸುವುದು, ಹೋಲಿಸುವುದು ಮಧ್ಯಾಹ್ನಕ್ಕೆ ಇರಲಿ.

ಉಳಿದುಕೊಳ್ಳುವ ಕೋಣೆಯ ವಿಷಯದಲ್ಲಿ ನಾವು ಪಟ್ಟ ಕಷ್ಟವನ್ನೂ ಹೇಳಿಬಿಡುತ್ತೇನೆ. ಸಂತೆಗಳಿಗೆ ನಡೆದು ಹೋಗಬಹುದೆಂದು ಹಳೆಯ ಪೇಟೆಯ ನಡುವೆಯೇ ರಾತ್ರಿಗೆ 9,00,000 ಡಾಂಗ್, ಎಂದರೆ ಸುಮಾರು ಮೂರು ಸಾವಿರ ರೂಪಾಯಿ, ಕೊಟ್ಟು ಕೋಣೆ ಹಿಡಿದಿದ್ದೆವು. ಅಲ್ಲಿನ ಹಳೆಯ ಮನೆಗಳು ಬೀದಿಯ ಕಡೆಗೆ ಮೂರು ನಾಲ್ಕು ಮೀಟರ್ ಅಗಲವಿದ್ದು ಒಳಕ್ಕೆ ಬಹಳ ಉದ್ದವಾಗಿ ಹೋಗುತ್ತವೆ. ಕೊಳವೆ ಮನೆ ಎಂದೇ ಅವಕ್ಕೆ ಹೆಸರು. ಇಂಥ ಕಟ್ಟಡದಲ್ಲಿ ಮುಂದಿನ ಮತ್ತು ಹಿಂದಿನ ಕೋಣೆಗಳಿಗೆ ಮಾತ್ರ ಕಿಟಕಿ ಇರಲು ಸಾಧ್ಯ, ನಡುವಿನ ಕೋಣೆಗಳಿಗೆ ಹಗಲೆಂಬುದೇ ಇಲ್ಲ. ನಮಗೆ ಸಿಕ್ಕಿದ್ದು ನಡುವಿನದು. ಚಿತ್ರದಲ್ಲಿ ತೋರಿಸಿದ್ದ ಪರದೆಯ ಹಿಂದೆ ಕಿಟಕಿಯ ಬದಲು ಗೋಡೆ ಇತ್ತು, ಒದ್ದೆ ಬಟ್ಟೆ ಎರಡು ದಿನವಾದರೂ ಒಣಗಲಿಲ್ಲ, ಅರವತ್ತೆಂಟು ವರ್ಷದ ಅಮ್ಮ ಮೊದಲ ರಾತ್ರಿ ಉಸಿರು ಕಟ್ಟಿದಂತಾಗುತ್ತದೆಂದು ಮೂರು ಸಲ ಎದ್ದು ಕೂತರು. ಬೇರೆ ಕೋಣೆ ಕೇಳಿದ್ದಕ್ಕೆ ದಿನಕ್ಕೆ ಮತ್ತೆ 3,00,000 ಡಾಂಗ್ ಕೊಡಬೇಕೆಂದರು. ಆ ಹಣ ತೆತ್ತು ಬೀದಿಯ ಕಡೆಯ ಕೋಣೆಗೆ ಹೋದರೆ ಅಲ್ಲಿ ರಾತ್ರಿ ಹನ್ನೆರಡರವರೆಗೂ ಕುಡಿಯುವವರ ಗದ್ದಲ. ವಯಸ್ಸಾದವರೊಡನೆ ಹೋಗುವವರು ಹಳೆಯ ಪೇಟೆಯಿಂದ ಒಂದೆರಡು ಕಿಲೋಮೀಟರ್ ಆಚೆ ಇಳಿದುಕೊಳ್ಳಿ. ಕಿಟಕಿ ತೆರೆಯುತ್ತದೆಯೇ, ತೆರೆದರೆ ಏನು ಕಾಣುತ್ತದೆ ಎಂದು ಮೊದಲೇ ಬರೆದು ಕೇಳಿ.

ಹಳೆಯ ಪೇಟೆಯ ಹೆಸರುಗಳು ಬೆಂಗಳೂರು ಬಲ್ಲವರಿಗೆ ಬೇಗನೆ ಹಿಡಿತಕ್ಕೆ ಬರುತ್ತವೆ. ಅಕ್ಕಿಪೇಟೆ, ಬಳೆಪೇಟೆ, ತರಗುಪೇಟೆಗಳಂತೆ ಅಲ್ಲಿಯೂ ಸರಕಿನ ಹೆಸರೇ ಬೀದಿಯ ಹೆಸರು. ‘ಹಾಂಗ್’ ಎಂದರೆ ಸರಕು: ಹಾಂಗ್ ಬಾಕ್ ಬೆಳ್ಳಿಯದು, ಹಾಂಗ್ ಥಿಯೆಕ್ ತಗಡಿನದು, ಹಾಂಗ್ ಚಿಯೆವು ಚಾಪೆಯದು, ಹಾಂಗ್ ಮಾ ಪೂಜೆಗೆ ಸುಡುವ ಕಾಗದದ ಸಾಮಗ್ರಿಯದು. ಎಲ್ಲ ಬೀದಿಗಳೂ ಹಳೆಯ ಸರಕನ್ನೇ ಉಳಿಸಿಕೊಂಡಿಲ್ಲ, ಸಕ್ಕರೆಯ ಬೀದಿಯಾದ ಹಾಂಗ್ ದುವಾಂಗ್‌ನಲ್ಲಿ ಈಗ ಉಪ್ಪು ಸಕ್ಕರೆಯಲ್ಲಿ ಒಣಗಿಸಿದ ಹುಳಿಹಣ್ಣುಗಳು ಸಿಗುತ್ತವೆ. ಆದರೆ ತಗಡಿನ ಬೀದಿಯಲ್ಲಿ ಇಂದಿಗೂ ಪಾದಚಾರಿ ದಾರಿಯ ಮೇಲೆ ಕೂತು ತಗಡು ಬಡಿಯುತ್ತಾರೆ. ಲಾನ್ ಓಂಗ್ ಬೀದಿಯಲ್ಲಿ ಬೇರು, ತೊಗಟೆ, ಒಣಹೂಗಳ ಮೂಟೆಗಳು ಸಾಲಾಗಿ ಇರುತ್ತವೆ. ಆ ವಾಸನೆಯಲ್ಲಿ ನಡೆದು ಹೋಗುವಾಗ ಚಿಕ್ಕಂದಿನ ಗ್ರಂಥಿಗೆ ಅಂಗಡಿ ನೆನಪಾಗಿ ಅಮ್ಮ ಬಹಳ ಹೊತ್ತು ಅಲ್ಲಿಯೇ ನಿಂತರು. ಈ ಎರಡು ಬೀದಿಗಳಿಗೆ ಒಂದು ಪೂರ್ತಿ ಬೆಳಗನ್ನು ಕೊಡಿ.

ಶುಕ್ರವಾರದಿಂದ ಭಾನುವಾರದವರೆಗೆ ಹಾಂಗ್ ದಾವೊ ಬೀದಿಯಿಂದ ಉತ್ತರಕ್ಕೆ ನಡೆಯುವ ರಾತ್ರಿ ಸಂತೆಯನ್ನು ಬಹಳ ಜನ ಹೊಗಳುತ್ತಾರೆ. ನನಗೆ ಜನಜಂಗುಳಿ ಸಹಿಸುವುದಿಲ್ಲ, ಹಾಗಾಗಿ ನನ್ನ ಮಾತನ್ನು ಆ ಲೆಕ್ಕದಲ್ಲಿಯೇ ತೆಗೆದುಕೊಳ್ಳಬೇಕು: ಭುಜಕ್ಕೆ ಭುಜ ತಾಗಿಸಿಕೊಂಡು ಅರ್ಧ ಗಂಟೆ ನಡೆದು ನಾವು ನೋಡಿದ್ದು ಮೊಬೈಲ್ ಕವಚ ಮತ್ತು ಅಗ್ಗದ ಅಂಗಿಗಳನ್ನು. 1889ರಲ್ಲಿ ಫ್ರೆಂಚರು ಕಟ್ಟಿಸಿ, 1994ರ ಬೆಂಕಿಯ ನಂತರ ಮತ್ತೆ ಕಟ್ಟಿದ ಡೋಂಗ್ ಸುವಾನ್ ಮಾರುಕಟ್ಟೆ ಸಗಟು ವ್ಯಾಪಾರದ ಜಾಗ. ಒಂದೆರಡು ವಸ್ತು ಕೊಳ್ಳುವವರ ಬಗ್ಗೆ ಅಲ್ಲಿ ಯಾರಿಗೂ ಆಸಕ್ತಿಯಿಲ್ಲ.

ನಿಜವಾದ ಸಂತೆಗಳು ಗಲ್ಲಿಗಳಲ್ಲಿ ಇರುತ್ತವೆ. ಅವಕ್ಕೆ ಅಲ್ಲಿನವರು ‘ಚೋ ಕಾಕ್’, ಎಂದರೆ ಕಪ್ಪೆ ಸಂತೆ, ಎನ್ನುತ್ತಾರೆ. ಪೊಲೀಸರು ಬಂದ ಕೂಡಲೇ ಬುಟ್ಟಿ ಎತ್ತಿಕೊಂಡು ಇನ್ನೊಂದು ಮೂಲೆಗೆ ಜಿಗಿಯುವುದರಿಂದ ಆ ಹೆಸರು. ಬೆಳಗಿನ ಆರರಿಂದ ಎಂಟರವರೆಗೆ ಇವುಗಳ ಭರಾಟೆ. ಹಳೆಯ ಪೇಟೆಯೊಳಗೆ ನಮಗೆ ಹೆಚ್ಚು ಹಿಡಿಸಿದ್ದು ಹಾಂಗ್ ಬೆ ಸಂತೆ, ಅದರಲ್ಲಿಯೂ ಒಂದು ನಿರ್ದಿಷ್ಟ ದಿನ. ವಿಯೆಟ್ನಾಂನವರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮನೆಯ ಹಿರಿಯರ ಪೀಠಕ್ಕೆ ಹೂವು ಹಣ್ಣು ಇಟ್ಟು ಪೂಜಿಸುತ್ತಾರೆ. ಮೊದಲ ದಿನವೆಂದರೆ ನಮ್ಮ ಅಮಾವಾಸ್ಯೆ ಅಥವಾ ಅದರ ಮರುದಿನ, ಹದಿನೈದನೆಯದು ಹುಣ್ಣಿಮೆಯ ಆಸುಪಾಸು. ನಾವು ಕಾಕತಾಳೀಯವಾಗಿ ಅಂಥದೊಂದು ದಿನ ಅಲ್ಲಿಗೆ ಹೋಗಿದ್ದೆವು. ಹಿಂದಿನ ದಿನ ಸೊಪ್ಪು ಮೀನು ಮಾತ್ರ ಇದ್ದ ಗಲ್ಲಿಯಲ್ಲಿ ಸೇವಂತಿಗೆಯ ರಾಶಿ, ಬಾಳೆಯ ಚಿಪ್ಪು, ಅವುಗಳ ನಡುವೆ ಗೊನೆಯಿಂದ ಬಿಡಿಸಿದ ಹಸಿ ಅಡಕೆ ಮತ್ತು ಕಟ್ಟು ಕಟ್ಟಾಗಿ ವೀಳ್ಯದೆಲೆ! ಅಡಕೆ ತೋಟದಲ್ಲಿಯೇ ಬಾಳಿದ ಅಮ್ಮ ಕಾಯಿಯನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ಸಿಪ್ಪೆ ಒತ್ತಿ ನೋಡಿ, ಇನ್ನೂ ಎಳೆಯದು ಎಂದರು. ಮಾರುತ್ತಿದ್ದ ಮುದುಕಿಗೆ ಕನ್ನಡ ತಿಳಿಯದಿದ್ದರೂ ಆ ಪರೀಕ್ಷೆ ತಿಳಿಯಿತು. ಆಕೆ ತಾನೇ ಒಂದು ಕಾಯನ್ನು ಸೀಳಿ, ಎಲೆಗೆ ಸುಣ್ಣ ಹಚ್ಚಿ ಮಡಚಿ ಅಮ್ಮನ ಕೈಗಿಟ್ಟಳು. ವೀಳ್ಯವೇ ಮಾತಿನ ಮೊದಲು ಎಂಬ ಗಾದೆ ಆ ಭಾಷೆಯಲ್ಲಿದೆ ಎಂದು ಆಮೇಲೆ ತಿಳಿಯಿತು. ಹೊರಡುವ ಮೊದಲು ಪಂಚಾಂಗ ನೋಡಿ, ಈ ಎರಡು ದಿನಗಳಲ್ಲಿ ಒಂದಾದರೂ ಹನೋಯಿಯಲ್ಲಿ ಕಳೆಯುವಂತೆ ಟಿಕೆಟ್ ಮಾಡಿಸಿ.

ಸಸ್ಯಾಹಾರಿಗಳಿಗೆ ಇನ್ನೂ ಒಂದು ಕಾರಣವಿದೆ. ಈ ಎರಡು ದಿನ ಅಲ್ಲಿನ ಅನೇಕರು ಮಾಂಸ ಮೀನು ಬಿಡುತ್ತಾರೆ, ಹಾಗಾಗಿ ಬೀದಿಬದಿಯಲ್ಲಿಯೂ ಸಸ್ಯಾಹಾರ ಸುಲಭವಾಗಿ ಸಿಗುತ್ತದೆ. ಕೇಳಬೇಕಾದ ಪದ ‘ಚಾಯ್’. ಅದು ಚಹಾ ಅಲ್ಲ, ಸಸ್ಯಾಹಾರ. ಇಂಗ್ಲಿಷ್ ಲಿಪಿಯ ಸಿ, ಎಚ್, ಎ, ವೈ ಅಕ್ಷರಗಳು ಫಲಕದಲ್ಲಿ ಕಂಡರೆ ಒಳಗೆ ಹೋಗಿ. ಬೇರೆ ಕಡೆ ತರಕಾರಿ ತಿನಿಸು ಎಂದು ತೋರಿಸಿದರೂ ಮೀನಿನ ರಸವೋ ಮೂಳೆಯ ಸಾರೋ ಸೇರಿರುವುದು ಸಾಮಾನ್ಯ. ಕಟ್ಟುನಿಟ್ಟಿನ ಬೌದ್ಧ ‘ಚಾಯ್’ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮನೆಯಲ್ಲಿ ಅವನ್ನು ಬಿಟ್ಟ ಹಿರಿಯರಿರುವವರು ಇದನ್ನು ನೆನಪಿಡಬೇಕು.

ನಾವು ಐದು ಮಧ್ಯಾಹ್ನ ಊಟ ಮಾಡಿದ್ದು ಒಂದೇ ಕಡೆ. ರೈಲು ನಿಲ್ದಾಣದ ಹತ್ತಿರದ ಗಲ್ಲಿಯೊಂದರಲ್ಲಿ, ಮೊಣಕಾಲೆತ್ತರದ ಹತ್ತು ಪ್ಲಾಸ್ಟಿಕ್ ಸ್ಟೂಲುಗಳಿರುವ ಆ ಜಾಗಕ್ಕೆ ‘ಕಮ್ ಚಾಯ್’, ಎಂದರೆ ಸಸ್ಯಾಹಾರದ ಅನ್ನ, ಎಂಬ ಬರಹದ ಹೊರತು ಬೇರೆ ಹೆಸರಿರಲಿಲ್ಲ. ತಾಯಿ ಮಗಳು ಇಬ್ಬರೇ ನಡೆಸುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಹತ್ತು ಹನ್ನೆರಡು ತಟ್ಟೆ ಇರುತ್ತವೆ, ಬೇಕಾದ್ದನ್ನು ಬೆರಳಿನಿಂದ ತೋರಿಸಿದರೆ ಅನ್ನದ ಸುತ್ತ ಬಡಿಸಿಕೊಡುತ್ತಾರೆ, ತಟ್ಟೆಗೆ 40,000 ಡಾಂಗ್, ಸುಮಾರು ನೂರ ಮೂವತ್ತೈದು ರೂಪಾಯಿ. ಟೊಮೆಟೊ ರಸದಲ್ಲಿ ಬೇಯಿಸಿದ ತೋಫು, ನೀರಿನಲ್ಲಿ ಬೆಳೆಯುವ ಟೊಳ್ಳು ದಂಟಿನ ಸೊಪ್ಪಿನ ಪಲ್ಯ, ಆ ಸೊಪ್ಪು ಬೇಯಿಸಿದ ನೀರಿಗೇ ನಮ್ಮ ಅಮಟೆಕಾಯಿಯಂಥ ಹುಳಿಕಾಯಿಯೊಂದನ್ನು ಹಿಸುಕಿ ಮಾಡಿದ ತಿಳಿಸಾರು. ಎಲ್ಲಕ್ಕಿಂತ ಮುಖ್ಯವಾಗಿ ಹುರಿದ ಎಳ್ಳು ಶೇಂಗಾ ಉಪ್ಪು ಸೇರಿಸಿ ಕುಟ್ಟಿದ ಪುಡಿ. ಬಿಸಿ ಅನ್ನಕ್ಕೆ ಅದನ್ನು ಕಲಸಿಕೊಂಡರೆ ಖಾರವಿಲ್ಲದ ಚಟ್ನಿಪುಡಿ ಅನ್ನವೇ. ಮೂರನೆಯ ದಿನದಿಂದ ನಾವು ಕೂರುವ ಮೊದಲೇ ಅಮ್ಮನ ತಟ್ಟೆಯಲ್ಲಿ ಪುಡಿ ಎರಡು ಪಾಲು ಇರುತ್ತಿತ್ತು. ಹನ್ನೊಂದೂವರೆಗೆ ಹೋಗಿ, ಒಂದು ಗಂಟೆಗೆ ಅವರ ಅನ್ನ ಮುಗಿದಿರುತ್ತದೆ.

ಮೋಸ ಹೋದದ್ದು ಸಂತೆಯಲ್ಲಿ ಅಲ್ಲ, ಬೀದಿಯಲ್ಲಿ ಕೈ ಮಾಡಿ ನಿಲ್ಲಿಸಿದ ಟ್ಯಾಕ್ಸಿಯಲ್ಲಿ. ಅಲ್ಲಿನ 5 ಲಕ್ಷದ ನೋಟು ಮತ್ತು 20 ಸಾವಿರದ ನೋಟು ಎರಡೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಅವರ ಚಿತ್ರ. ರಾತ್ರಿ ಮಂದ ಬೆಳಕಿನಲ್ಲಿ ನಾನು 5 ಲಕ್ಷದ ನೋಟು ಕೊಟ್ಟೆ. ಚಾಲಕ ಕ್ಷಣದಲ್ಲಿ 20 ಸಾವಿರದ್ದನ್ನು ಹಿಡಿದು ತೋರಿಸಿ ಇದು ಸಾಲದು ಎಂದ, ನಾನು ನನ್ನದೇ ತಪ್ಪೆಂದು ಇನ್ನೊಂದು ನೋಟು ಕೊಟ್ಟೆ. ಕೋಣೆಗೆ ಬಂದು ಎಣಿಸಿದಾಗ ಸಾವಿರದ ಆರುನೂರು ರೂಪಾಯಿಗೂ ಹೆಚ್ಚು ಹೋಗಿತ್ತು. ಅದಕ್ಕೆ ಎರಡು ದಿನದ ನಂತರ ಹಾಂಗ್ ಬೆಯಲ್ಲಿ ನಾನು ನಿಜವಾಗಿಯೂ ಗೊಂದಲ ಮಾಡಿಕೊಂಡು 20 ಸಾವಿರದ ಬಾಳೆಹಣ್ಣಿಗೆ 5 ಲಕ್ಷದ ನೋಟು ಕೊಟ್ಟು ನಡೆದಾಗ, ಹಣ್ಣಿನಾಕೆ ಬುಟ್ಟಿ ಬಿಟ್ಟು ಓಡಿಬಂದು ನನ್ನ ತೋಳು ಹಿಡಿದು ನೋಟನ್ನು ಮರಳಿ ಕೈಗಿಟ್ಟರು. ದೊಡ್ಡ ನೋಟುಗಳನ್ನು ಬೇರೆ ಜೇಬಿನಲ್ಲಿಡಿ, ಟ್ಯಾಕ್ಸಿಯನ್ನು ಮೊಬೈಲ್ ಆ್ಯಪ್ ಮೂಲಕವೇ ಕರೆಯಿರಿ. ನೋಯ್ ಬಾಯ್ ವಿಮಾನ ನಿಲ್ದಾಣದಿಂದ ಊರಿಗೆ ಬರಲು 86ನೆಯ ಸಂಖ್ಯೆಯ ಬಸ್ಸಿದೆ, ನಾವು ತಲೆಗೆ 45,000 ಡಾಂಗ್ ಕೊಟ್ಟೆವು. ಸೊಪ್ಪು ಮಾರುವವರ ಬಳಿಯೂ ಕ್ಯೂಆರ್ ಫಲಕ ಇರುತ್ತದೆ, ಆದರೆ ನಮ್ಮ ಯುಪಿಐ ಅಲ್ಲಿ ನಡೆಯಲಿಲ್ಲ; 5, 10, 20 ಸಾವಿರದ ಚಿಲ್ಲರೆ ಸದಾ ಇರಲಿ. ಹೋಆನ್ ಕಿಯೆಮ್ ಕೆರೆಯ ಸುತ್ತ ತಿನ್ನಲು ಒಂದು ಕರಿದ ಉಂಡೆ ಕೈಗಿತ್ತು ಆಮೇಲೆ ಲಕ್ಷ ಕೇಳುವವರಿದ್ದಾರೆ, ಕಾವಡಿಯನ್ನು ನಿಮ್ಮ ಹೆಗಲ ಮೇಲಿಟ್ಟು ಫೋಟೊಗೆ ಹಣ ಕೇಳುವವರೂ ಇದ್ದಾರೆ. ಕೈ ಚಾಚದೆ ಮುಂದೆ ನಡೆಯಿರಿ.

ಲಾಂಗ್ ಬಿಯೆನ್ ಸಗಟು ಮಾರುಕಟ್ಟೆ ರಾತ್ರಿಯದು; ನಡುರಾತ್ರಿಯ ನಂತರವೇ ಅದಕ್ಕೆ ಜೀವ ಬರುತ್ತದೆ. ಅಮ್ಮನನ್ನು ಕೋಣೆಯಲ್ಲಿ ಬಿಟ್ಟು ಒಂದು ಗಂಟೆಗೆ ಹೋದ ನಾನು ಅರ್ಧ ಗಂಟೆಯಲ್ಲಿ ಹೊರಬಂದೆ. ಹಣ್ಣು ಮೀನುಗಳ ಭಾರ ಹೊತ್ತ ಕೈಗಾಡಿಗಳು ಒಂದರ ಹಿಂದೊಂದು ಓಡುವ ಆ ಒದ್ದೆ ನೆಲದಲ್ಲಿ ನೋಡುವವನು ನಿಂತರೆ ದುಡಿಯುವವರಿಗೆ ಅಡ್ಡಿ. ಬದಲಿಗೆ ಬೆಳಗಿನ ಜಾವ ಪಕ್ಕದ ಲಾಂಗ್ ಬಿಯೆನ್ ಸೇತುವೆಯ ಮೇಲೆ ಹೋಗಿ, ಅಲ್ಲಿಂದ ಸಂತೆ ಮುಗಿಯುವುದು ಕಾಣುತ್ತದೆ. ಫ್ರೆಂಚರ ಕಾಲದ, ಯುದ್ಧದಲ್ಲಿ ಅಮೆರಿಕದ ಬಾಂಬುಗಳಿಗೆ ತುತ್ತಾಗಿ ಮತ್ತೆ ಎದ್ದ ಸೇತುವೆ ಅದು. ನಡುವೆ ರೈಲು, ಎರಡು ಬದಿಗೆ ದ್ವಿಚಕ್ರ ವಾಹನಗಳು. ದೇಶವೆಲ್ಲ ಬಲಗಡೆ ಸಂಚರಿಸಿದರೆ ಈ ಸೇತುವೆಯ ಮೇಲೆ ಮಾತ್ರ ನಮ್ಮಂತೆ ಎಡಗಡೆ. ದಾಟುವಾಗ ಯಾವ ಕಡೆ ನೋಡಬೇಕೆಂಬುದನ್ನು ಗಮನದಲ್ಲಿಡಿ.

ಹೋಗುವ ತಿಂಗಳು ನಿಮ್ಮ ಕೈಯಲ್ಲಿದ್ದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಇರಲಿ. ಆಗ ‘ಕೋಮ್’ ಬರುತ್ತದೆ: ಹಾಲು ಒಣಗುವ ಮೊದಲೇ ಕೊಯ್ದ ಭತ್ತವನ್ನು ಹುರಿದು ಕುಟ್ಟಿ ಮಾಡಿದ ಹಸಿರು ಅವಲಕ್ಕಿ. ವೋಂಗ್ ಎಂಬ ಹಳ್ಳಿಯ ಕೋಮ್‌ಗೆ ಹೆಸರು ಹೆಚ್ಚು. ಕಾವಡಿ ಹೊತ್ತ ಹೆಂಗಸರು ಬೆಳಗ್ಗೆ ಅದನ್ನು ತಾವರೆ ಎಲೆಯಲ್ಲಿ ಸುತ್ತಿ, ಭತ್ತದ ಹುಲ್ಲಿನಿಂದ ಕಟ್ಟಿ ಮಾರುತ್ತಾರೆ. ಮಾಗಿದ ಬಾಳೆಹಣ್ಣಿನ ಜೊತೆ ತಿನ್ನುವುದು ಅಲ್ಲಿನ ರೂಢಿ. ಕೊಂಡ ದಿನವೇ ತಿನ್ನಿ. ಊರಿಗೆ ತರಲೆಂದು ನಾವು ಕೊನೆಯ ದಿನ ಕಟ್ಟಿಸಿಕೊಂಡ ಎರಡು ಪೊಟ್ಟಣಗಳು ಶಿರಸಿ ತಲುಪುವಷ್ಟರಲ್ಲಿ ಗಟ್ಟಿಯಾಗಿ, ಹುಳಿ ವಾಸನೆ ಹಿಡಿದಿದ್ದವು. ಅಮ್ಮ ಆ ಎಲೆಗಳನ್ನು ಮಾತ್ರ ತೊಳೆದು ಒಣಗಿಸಿ ಇಟ್ಟುಕೊಂಡಿದ್ದಾರೆ.