ಅಲನ್ ಕೆಲ್ಲಿ ಬಿಡದೆ ಕೇಳಿದ ಪ್ರಶ್ನೆ

ಇಂದು ಊಟದ ಬಿಡುವಿನಲ್ಲಿ ಐರ್ಲೆಂಡ್ ಸಂಸತ್ತಿನ ಕೆಳಮನೆಯ 2017ರ ನಡಾವಳಿಯನ್ನು ಓದುತ್ತಾ ಕುಳಿತಿದ್ದೆ.

ಟಿಪ್ಪರೇರಿಯ ಲೇಬರ್ ಸದಸ್ಯ ಅಲನ್ ಕೆಲ್ಲಿ ನ್ಯಾಯ ಸಚಿವರಿಗೆ ಹಾಕಿದ್ದು ಚಪ್ಪಾಳೆ ಗಿಟ್ಟಿಸುವ ಪ್ರಶ್ನೆಯಲ್ಲ. ಪೊಲೀಸ್ ಇಲಾಖೆಯ ಲೋಪಗಳನ್ನು ಬಯಲಿಗೆಳೆದ ಸಾರ್ಜೆಂಟ್ ಮಾರಿಸ್ ಮೆಕೇಬ್ ಅವರ ವಿರುದ್ಧ, 2015ರಲ್ಲಿ ತನಿಖಾ ಆಯೋಗದ ಮುಂದೆ ಪೊಲೀಸ್ ಆಯುಕ್ತರ ವಕೀಲರು ಹೂಡಿದ ತಂತ್ರವು ನ್ಯಾಯ ಇಲಾಖೆಗೆ ತಿಳಿದಿತ್ತೇ, ತಿಳಿದಿದ್ದರೆ ಯಾವಾಗ ತಿಳಿಯಿತು ಎಂಬ ಒಣ ಪ್ರಶ್ನೆ ಅದು. ಉತ್ತರ ಸಾಲದೆ ಹೋದಾಗ ಅದನ್ನೇ ತುಸು ತಿರುಗಿಸಿ ಮತ್ತೆ ಕೇಳಿದರು.

ಕೊನೆಗೆ, ಆ ತಂತ್ರದ ವಿಷಯ ಆಗಿನ ಸಚಿವೆಗೂ ತಿಳಿಸಲಾಗಿತ್ತೆಂದು ತೋರಿಸುವ 2015ರ ಮೇ ತಿಂಗಳ ಒಂದು ಇಮೇಲ್ ಇಲಾಖೆಯಿಂದ ಹೊರಬಂತು. ಆ ಇಮೇಲ್ ಬರೆದ ಕಾಲದಲ್ಲಿ ನ್ಯಾಯ ಸಚಿವೆಯಾಗಿದ್ದು, 2017ರ ಹೊತ್ತಿಗೆ ಉಪಪ್ರಧಾನಿಯಾಗಿದ್ದ ಫ್ರಾನ್ಸಿಸ್ ಫಿಟ್ಜ್‌ಜೆರಾಲ್ಡ್ ನವೆಂಬರ್ 28ರಂದು ರಾಜೀನಾಮೆ ನೀಡಿದರು.

ಮರುವರ್ಷ, ಮೆಕೇಬ್ ಪ್ರಕರಣವನ್ನು ವಿಚಾರಿಸಿದ ಚಾರ್ಲ್ಟನ್ ನ್ಯಾಯಮಂಡಳಿ ಆಕೆಯ ನಡೆಯಲ್ಲಿ ತಪ್ಪು ಕಾಣಲಿಲ್ಲ. ಆ ಮಟ್ಟಿಗೆ ಆಕೆ ತೆತ್ತ ಬೆಲೆ ಹೆಚ್ಚಾಯಿತೆಂದೇ ನನ್ನ ಅನಿಸಿಕೆ. ಆದರೆ ಅದಕ್ಕಾಗಿ ಕೆಲ್ಲಿಯವರನ್ನು ದೂರಲು ಮನಸ್ಸು ಬಾರದು. ತನ್ನದೇ ಕಡತದಲ್ಲಿದ್ದ ಇಮೇಲನ್ನು ಹುಡುಕಲು ಇಲಾಖೆಗೆ ಅಷ್ಟು ಕಾಲ ಬೇಕಾಯಿತಲ್ಲ, ನನಗೆ ಸಿಟ್ಟು ಬಂದದ್ದು ಅದರ ಮೇಲೆಯೇ.