ಆ ಎಲೆಕ್ಟ್ರಾನ್ ಇದರದ್ದೇ ಅಂತ ಹೇಗೆ ಗೊತ್ತು?

ಹೋದ ಶನಿವಾರ ನಮ್ಮ ಲ್ಯಾಬಿನಲ್ಲಿ ಓಪನ್ ಡೇ. ಪಿಯುಸಿ ಓದುವ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿ ಹೋದಳು. ಅವತ್ತಿಂದ ಊಟಕ್ಕೆ ಕೂತರೂ ಅದೇ, ಬಸ್ಸಿಗೆ ಕಾಯುವಾಗಲೂ ಅದೇ.

"ಅಷ್ಟು ದೂರ ಹೋದ ಮೇಲೂ ಆ ಎಲೆಕ್ಟ್ರಾನ್ ಇದೇ ಅಣುವಿನದ್ದು ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

ನಾವು ಅಭ್ಯಾಸ ಮಾಡುವುದು ನೈಟ್ರಿಕ್ ಆಕ್ಸೈಡನ್ನು. ಒಂದು ನೈಟ್ರೋಜನ್, ಒಂದು ಆಕ್ಸಿಜನ್, ಅಷ್ಟೇ. ನಿರ್ವಾತ ಚೇಂಬರಿನ ವಾಲ್ವ್ ಸೆಕೆಂಡಿಗೆ 10 ಸಲ ಟಕ್ ಟಕ್ ಅಂತ ತೆರೆದು ಚೂರು ಚೂರೇ ಗ್ಯಾಸ್ ಬಿಡುತ್ತದೆ. ಪ್ರತಿ ಟಕ್‌ಗೂ ಎರಡು ಲೇಸರ್ ಹೊಡೆತ. ಮೊದಲನೆಯದರ ತರಂಗಾಂತರ 226 ನ್ಯಾನೋಮೀಟರ್, ಅದು ಎಲೆಕ್ಟ್ರಾನನ್ನು ಒಂದು ಮಟ್ಟ ಮೇಲೇರಿಸುತ್ತದೆ. ಎರಡನೆಯದು 328ರ ಆಸುಪಾಸು. ಇನ್ನೇನು ಅಣುವನ್ನು ಬಿಟ್ಟೇ ಹೋಗುತ್ತದೆ ಅನ್ನುವಷ್ಟು ಎತ್ತರಕ್ಕೆ ಅದು ಎಲೆಕ್ಟ್ರಾನನ್ನು ಒಯ್ಯುತ್ತದೆ. ಇವೇ ರಿಡ್‌ಬರ್ಗ್ ಸ್ಥಿತಿಗಳು. ಲೇಸರಿಗೆಲ್ಲ ಕವರ್ ಹಾಕಿದ್ದೆವು, ಹಾಗಾಗಿ ಮಕ್ಕಳು ನೋಡಿದ್ದು ಪರದೆಯ ಮೇಲಿನ ಗೆರೆಗಳನ್ನು ಮಾತ್ರ. ಲೇಸರಿನ ತರಂಗಾಂತರ ಎಲೆಕ್ಟ್ರಾನಿನ ಒಂದು ಮಟ್ಟಕ್ಕೆ ಸರಿಯಾಗಿ ಹೊಂದಿದಾಗ ಒಂದು ಗೆರೆ. ಎಡಗಡೆ ಗೆರೆಗಳು ಬಿಡಿಬಿಡಿ. ಬಲಕ್ಕೆ ಹೋಗ್ತಾ ಹೋಗ್ತಾ ಒತ್ತೊತ್ತಾಗಿ, ಕೊನೆಗೆ ಯಾವುದು ಯಾವುದು ಅಂತ ತಿಳಿಯದ ಹಾಗೆ ಕಲಸಿಹೋಗುತ್ತವೆ. ಅದರಾಚೆ ಎಲೆಕ್ಟ್ರಾನ್ ಸ್ವತಂತ್ರ.

ಬೋರ್ ಮಾದರಿ ಅವರಿಗೆ ಗೊತ್ತಿತ್ತು. ಅದರಲ್ಲಿ ಎಲೆಕ್ಟ್ರಾನ್ ಇರುವ ಮಟ್ಟದ ಸಂಖ್ಯೆ ಎನ್, 1, 2, 3 ಹೀಗೆ ಪೂರ್ಣಾಂಕ. ಅದು ಸುತ್ತುವ ತ್ರಿಜ್ಯ ಎನ್ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಎನ್ 50 ಆದರೆ ಎಲೆಕ್ಟ್ರಾನ್ ಸುಮಾರು 130 ನ್ಯಾನೋಮೀಟರ್ ದೂರದಲ್ಲಿ ಇರುತ್ತದೆ. ಅಣುವಿನ ಎರಡು ಪರಮಾಣುಗಳ ನಡುವಿನ ಅಂತರವೋ 0.115 ನ್ಯಾನೋಮೀಟರ್. ಅಣು ಒಂದು ನಿಂಬೆಹಣ್ಣಿನಷ್ಟಿದ್ದರೆ ಎಲೆಕ್ಟ್ರಾನ್ 50 ಮೀಟರ್ ಆಚೆ ಇರುತ್ತೆ ಅಂದೆ. ಎಲ್ಲರೂ ಹೋ ಅಂದರು. ಇವಳು ಮಾತ್ರ ಹೋ ಅನ್ನಲಿಲ್ಲ, ಪ್ರಶ್ನೆ ಕೇಳಿದಳು.

"ಅದು ಆಗಾಗ ಹತ್ತಿರ ಬಂದು ಹೋಗುತ್ತಮ್ಮ, ಬಂದಿದ್ದರ ಗುರುತು ಗೆರೆಯಲ್ಲಿ ಉಳಿದಿರುತ್ತೆ" ಅಂತ ಶುರು ಮಾಡಿದೆ. ಅಷ್ಟರಲ್ಲಿ ಜೊತೆಗೆ ಬಂದಿದ್ದ ಮೇಷ್ಟ್ರು, "ಅದೆಲ್ಲ ಸಿಲಬಸ್‌ನಲ್ಲಿ ಇಲ್ಲಮ್ಮ, ನಡಿ ನಡಿ, ಇನ್ನೂ ಎರಡು ಲ್ಯಾಬ್ ನೋಡೋದಿದೆ" ಅಂದರು. ಅವಳು ಹೋದಳು.

ಆ ಮೇಷ್ಟ್ರು ಕೆಟ್ಟವರಲ್ಲ. ರಜೆ ದಿನ ಬಸ್ ಮಾಡಿಸಿ, ಬಾಗಿಲು ಬಾಗಿಲಲ್ಲೂ ತಲೆ ಎಣಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಬಂದವರು. ಆದರೂ ಆ ಮಾತಿನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಯಾಕಂದರೆ ಆ ಹುಡುಗಿ ಕೇಳಿದ್ದು ಈ ಇಡೀ ವಿಷಯದ ಜೀವಾಳವಾದ ಪ್ರಶ್ನೆ.

ಅದಕ್ಕೆ ಉತ್ತರ ಇದೆ. 1880ರ ದಶಕದ ಕೊನೆಗೆ ಸ್ವೀಡನ್ನಿನ ಲುಂಡ್‌ನಲ್ಲಿ ಯೋಹಾನೆಸ್ ರಿಡ್‌ಬರ್ಗ್ ಸೋಡಿಯಂನಂಥ ಲೋಹಗಳ ಗೆರೆಗಳನ್ನು ಒಂದು ಸೂತ್ರಕ್ಕೆ ಕೂರಿಸುತ್ತಿದ್ದರು. ಎಲೆಕ್ಟ್ರಾನ್ ಅನ್ನುವುದೇ ಆಗಿನ್ನೂ ಪತ್ತೆಯಾಗಿರಲಿಲ್ಲ. ಪೂರ್ಣಾಂಕವನ್ನು ಹಾಗೇ ಇಟ್ಟರೆ ಸೂತ್ರ ಕೂರುತ್ತಿರಲಿಲ್ಲ, ಅದರಲ್ಲಿ ಒಂದು ಸಣ್ಣ ಸಂಖ್ಯೆಯನ್ನು ಹೊಂದಿಸಿದರೆ ಕೂರುತ್ತಿತ್ತು. ಈಗ ಅದಕ್ಕೆ ಕ್ವಾಂಟಂ ಡಿಫೆಕ್ಟ್ ಅನ್ನುತ್ತೇವೆ. ಪಿ, ಎಫ್ ಅನ್ನುವುದು ಎಲೆಕ್ಟ್ರಾನ್ ಸುತ್ತುವ ದಾರಿಯ ಬಗೆಗಳು. ನೈಟ್ರಿಕ್ ಆಕ್ಸೈಡಿನಲ್ಲಿ ಪಿ ಎಲೆಕ್ಟ್ರಾನಿಗೆ ಆ ಸಂಖ್ಯೆ ಸುಮಾರು 0.7. ಪ್ರತಿ ಸುತ್ತಿನಲ್ಲೂ ಪಿ ಎಲೆಕ್ಟ್ರಾನ್ ಅಣುವಿನ ನಡುವಿನ ತನಕ ನುಗ್ಗಿ ಬರುತ್ತದೆ, ಅಲ್ಲಿರುವ ಬೇರೆ ಎಲೆಕ್ಟ್ರಾನುಗಳ ತಾಕಲಾಟ ಅನುಭವಿಸಿ ವಾಪಸ್ ಹೋಗುತ್ತದೆ. ಎಫ್ ಎಲೆಕ್ಟ್ರಾನ್ ಒಳಗೆ ಬರುವುದೇ ಇಲ್ಲ ಅನ್ನಬಹುದು, ಅದಕ್ಕೆ ಬರೀ 0.01. ಎನ್ 20 ಇರಲಿ, 50 ಇರಲಿ, ಆ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸುತ್ತಿನ ಬಹುಪಾಲು ಸಮಯ ಎಲೆಕ್ಟ್ರಾನ್ ದೂರದಲ್ಲೇ ಕಳೆಯುತ್ತದೆ, ಹತ್ತಿರ ಇರುವುದು ಕ್ಷಣಮಾತ್ರ. ಗೆರೆ ಎಲ್ಲಿ ಬೀಳಬೇಕು ಅನ್ನುವುದರಲ್ಲಿ ಆ ಕ್ಷಣಕ್ಕೂ ಪಾಲಿದೆ! ಅಣು ಬೇರೆಯಾದರೆ ಆ ಪಾಲೂ ಬೇರೆ, ಅದೇ ಗುರುತು. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ಇದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಅಣುಗಳ ಗೆರೆಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ ಗೆರ್‌ಹಾರ್ಡ್ ಹರ್ಜ್‌ಬರ್ಗ್ ಕಥೆಯನ್ನೂ ಅವಳಿಗೆ ಹೇಳಬೇಕಿತ್ತು ಅನ್ನಿಸುತ್ತಿದೆ. ಹೆಂಡತಿ ಯಹೂದಿ ಅನ್ನುವ ಕಾರಣಕ್ಕೆ 1935ರಲ್ಲಿ ಜರ್ಮನಿ ಬಿಟ್ಟು ಕೆನಡಾಕ್ಕೆ ಬಂದವರು, 1971ರಲ್ಲಿ ನೊಬೆಲ್ ಪಡೆದವರು. 1979ರಲ್ಲಿ, 74ರ ವಯಸ್ಸಿನಲ್ಲಿ, ಒಟ್ಟಾವಾದಲ್ಲಿ ಮೂರು ಹೈಡ್ರೋಜನ್ ಪರಮಾಣುಗಳ ಅಯಾನನ್ನು, ಅಂದರೆ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಅಣುವನ್ನು, ಹುಡುಕುತ್ತಿದ್ದರು. ಹೈಡ್ರೋಜನ್ನಿನಲ್ಲಿ ವಿದ್ಯುತ್ ಹರಿಸಿದಾಗ 560, 710 ನ್ಯಾನೋಮೀಟರ್ ಹತ್ತಿರ ಗೆರೆಗಳ ಗುಂಪು ಕಂಡಿತು. ಯಾರದ್ದು ಈ ಗೆರೆಗಳು? ಅದೇ ಪ್ರಶ್ನೆ ನೋಡಿ. ಗ್ಯಾಸನ್ನು ಡ್ಯೂಟೀರಿಯಂಗೆ, ಅಂದರೆ ಎರಡರಷ್ಟು ಭಾರದ ಹೈಡ್ರೋಜನ್ನಿಗೆ, ಬದಲಿಸಿದರು, ಗೆರೆಗಳ ನಡುವಿನ ಅಂತರ ಅರ್ಧದಷ್ಟಾಯಿತು. ಅಂತರದ ಲೆಕ್ಕ ತ್ರಿಕೋನಾಕಾರದ ಆ ಅಯಾನಿನದ್ದಕ್ಕೇ ಹೊಂದುತ್ತಿತ್ತು. ಆದರೆ ಗೆರೆಗಳು ಅಯಾನಿನದ್ದಲ್ಲ. ಅದರ ಸುತ್ತ ಒಂದು ಎಲೆಕ್ಟ್ರಾನ್ ಇತ್ತು. ಅದು ನಮ್ಮದರಷ್ಟು ದೂರದ್ದಲ್ಲ, ಆದರೂ ರಿಡ್‌ಬರ್ಗ್ ಎಲೆಕ್ಟ್ರಾನೇ. ಮೂರು ಹೈಡ್ರೋಜನ್ನಿನ ಈ ಅಣು ತನ್ನ ಅತಿ ಕೆಳಗಿನ ಸ್ಥಿತಿಯಲ್ಲಿ ಬಾಳುವುದೇ ಇಲ್ಲ, ತಕ್ಷಣ ಒಡೆದುಹೋಗುತ್ತದೆ. ಎಲೆಕ್ಟ್ರಾನ್ ಮೇಲಿದ್ದಾಗ ಮಾತ್ರ ಗೆರೆ ಕೊಡುವಷ್ಟು ಹೊತ್ತು ಉಳಿಯುತ್ತದೆ. ಅವರು ಹುಡುಕುತ್ತಿದ್ದ ಅಯಾನಿನ ರೋಹಿತವನ್ನು, ಅಂದರೆ ಅದರದ್ದೇ ಗೆರೆಗಳನ್ನು, ಮರುವರ್ಷ ಅದೇ ಸಂಸ್ಥೆಯಲ್ಲಿ ತಕೇಶಿ ಓಕ ಹಿಡಿದರು.

ಆ ಗೆರೆಗಳು ಯಾವ ಸಿಲಬಸ್‌ನಲ್ಲಿದ್ದವು ಹೇಳಿ?

ಸೋಮವಾರ ಮೇಷ್ಟ್ರಿಗೆ ಫೋನ್ ಮಾಡಿ, ನಿಮ್ಮ ಕಾಲೇಜಿಗೇ ಬಂದು ಒಂದು ಗಂಟೆ ಮಾತಾಡ್ತೀನಿ ಸರ್ ಅಂದೆ. ಪರೀಕ್ಷೆ ಮುಗಿದ ಮೇಲೆ ಬನ್ನಿ ಅಂದರು, ದನಿಯಲ್ಲಿ ಖುಷಿಯೇ ಇತ್ತು.

ನಮ್ಮಲ್ಲಿ ಗೆರೆಗಳನ್ನು ಅಸೈನ್ ಮಾಡುವ ಕೆಲಸ ಈಗ ಜಾಸ್ತಿ ಸಾಫ್ಟ್‌ವೇರ್‌ನದ್ದೇ. ಈ ವಾರ ಹೊಸದಾಗಿ ಸೇರಿದ ಇಬ್ಬರು ವಿದ್ಯಾರ್ಥಿಗಳಿಗೆ ಅದನ್ನು ಕೈಯಲ್ಲೇ ಮಾಡಲು ಕೊಟ್ಟಿದ್ದೇನೆ. ಪ್ರತಿ ಗೆರೆಯ ಪಕ್ಕ ಅದು ಯಾರದ್ದು, ಅದು ಹೇಗೆ ಗೊತ್ತಾಯಿತು, ಎರಡನ್ನೂ ಬರೆಯಿರಿ ಅಂದಿದ್ದೇನೆ. ಪಿ ಸಾಲು ಮುಗಿದಿದೆ, ಎಫ್ ಸಾಲಿನಲ್ಲಿ ಒದ್ದಾಡುತ್ತಿದ್ದಾರೆ.